ಬೆಳ್ಳಿ ರೂಪಾಯಿಯ ಬಿರುಕು ಹೇಳುವ ಚರಿತ್ರೆ

ನಮ್ಮ ನಿಕಾಹ್‌ನಾಮೆಗಳಲ್ಲಿ ಮಹರ್‌ನ ಮೊತ್ತ ಬರೆದ ಮೇಲೆ 'ಸಿಕ್ಕಯೆ ರಾಯಿಜುಲ್ ವಕ್ತ್' ಎಂಬ ಮಾತನ್ನು ಸೇರಿಸುವ ರೂಢಿ ಇದೆ. ಆ ಕಾಲಕ್ಕೆ ಚಲಾವಣೆಯಲ್ಲಿರುವ ನಾಣ್ಯ ಎಂದು ಅದರ ಅರ್ಥ. ಖಾಜಿಯವರು ಅದನ್ನು ಓದುವಾಗ ಮದುವೆ ಮನೆಯಲ್ಲಿ ಯಾರೂ ಅದರತ್ತ ಗಮನ ಕೊಡುವುದಿಲ್ಲ. ಆದರೆ ಆ ಮಾತಿನೊಳಗೆ ಒಂದು ದೊಡ್ಡ ಅನುಭವ ಅಡಗಿದೆ. ದೊರೆಗಳು ಬದಲಾಗುತ್ತಾರೆ, ನಾಣ್ಯ ಬದಲಾಗುತ್ತದೆ, ಹೆಣ್ಣಿಗೆ ಕೊಡಬೇಕಾದ ಬಾಕಿ ಮಾತ್ರ ಬದಲಾಗಬಾರದು ಎಂದು ನಮ್ಮ ಹಿರಿಯರು ಅರಿತಿದ್ದರು.

ಶಿಕಾರಿಪುರ, ಸೊರಬ ಸೀಮೆಯ ಹಳೆಯ ಮನೆಗಳಲ್ಲಿ ಹಿಂದೆ ಚಲಾವಣೆಯಲ್ಲಿದ್ದ ಬೆಳ್ಳಿ ರೂಪಾಯಿಗಳು ಇಂದಿಗೂ ಸಿಗುತ್ತವೆ. ಕೆಲವು ದೀಪಾವಳಿಯ ಲಕ್ಷ್ಮೀಪೂಜೆಯ ತಟ್ಟೆಯಲ್ಲಿವೆ. ಕೆಲವು ಅಜ್ಜಿಯರ ಟ್ರಂಕಿನ ತಳದಲ್ಲಿ ಬಟ್ಟೆಯ ಗಂಟಿನಲ್ಲಿವೆ. ಇನ್ನು ಕೆಲವಕ್ಕೆ ಕೊಂಡಿ ಹಾಕಿಸಿ ಸರಕ್ಕೆ ಪೋಣಿಸಿದ್ದಾರೆ. ಕುತ್ತಿಗೆಯ ಸರದ ಪದಕವನ್ನು ನಮ್ಮ ಕಡೆ 'ಡಾಲರು' ಎನ್ನುತ್ತೇವಲ್ಲ, ಆ ಮಾತೂ ದೂರದ ಒಂದು ಬೆಳ್ಳಿ ನಾಣ್ಯದಿಂದಲೇ ಬಂದದ್ದು. ಇಂಥ ರೂಪಾಯಿ ಕೈಗೆ ಬಂದಾಗ ನಾವು ನೋಡುವುದು ಎರಡೇ ಸಂಗತಿ: ಯಾರ ತಲೆ ಇದೆ, ಯಾವ ಇಸವಿ ಇದೆ. ಮೂರನೆಯದನ್ನು ಸರಾಫರು ನೋಡುತ್ತಾರೆ, ತೂಕ ಎಷ್ಟಿದೆ ಎಂದು. ಅಲ್ಲಿಗೆ ನಾಣ್ಯದ ಕಥೆ ಮುಗಿಯುತ್ತದೆ.

ಆದರೆ ನಾಣ್ಯದ ಮೇಲೆ ದೊರೆ ಬರೆಸಿದ್ದಲ್ಲದೆ ಬೇರೆ ಬರಹವೂ ಇರುತ್ತದೆ. ಅದನ್ನು ಯಾರೂ ಬೇಕೆಂದು ಬರೆದದ್ದಲ್ಲ. ಅಚ್ಚು ಸೀಳಿದಾಗ ಮೂಡಿದ ಗೆರೆ, ಕೆತ್ತುವವನು ತಿದ್ದಿದ ಅಂಕಿ, ಎರಡು ಬಾರಿ ಬಿದ್ದ ಏಟಿನ ಗುರುತು ಇವೆಲ್ಲ ಅದರಲ್ಲಿ ಸೇರುತ್ತವೆ. ದೊರೆಗಳ ಬರಹದಲ್ಲಿ ಹೊಗಳಿಕೆ ಇರುತ್ತದೆ, ರಾಜಕೀಯ ಇರುತ್ತದೆ, ಒಮ್ಮೊಮ್ಮೆ ಸುಳ್ಳೂ ಇರುತ್ತದೆ. ಬಿರುಕಿಗೆ ಸುಳ್ಳು ಹೇಳುವ ಕಾರಣವಿಲ್ಲ.

ಅಚ್ಚು ಹೇಗೆ ಬಿರಿಯುತ್ತದೆ

ಯಂತ್ರಗಳು ಬರುವ ಮೊದಲು ನಾಣ್ಯ ಮಾಡುವ ಕ್ರಮ ಸರಳವಾಗಿತ್ತು. ಬೆಳ್ಳಿಯನ್ನು ಮೂಸೆಯಲ್ಲಿ ಕರಗಿಸಿ, ತೂಕಕ್ಕೆ ಸರಿಯಾಗಿ ತುಂಡು ಮಾಡಿ, ಬಡಿದು ಬಿಲ್ಲೆ ಮಾಡುತ್ತಿದ್ದರು. ಒಂದು ಅಚ್ಚನ್ನು ಅಲುಗದಂತೆ ಕೆಳಗೆ ಕೂರಿಸಿ, ಅದರ ಮೇಲೆ ಬಿಲ್ಲೆ ಇಟ್ಟು, ಇನ್ನೊಂದು ಅಚ್ಚನ್ನು ಮೇಲೆ ಹಿಡಿದು ಸುತ್ತಿಗೆಯಿಂದ ಏಟು ಹಾಕುತ್ತಿದ್ದರು. ಒಂದೇ ಏಟಿಗೆ ಎರಡೂ ಮುಖ ಮೂಡಬೇಕು. ಉರ್ದುವಿನಲ್ಲಿ ಅಚ್ಚಿಗೆ 'ಠಪ್ಪಾ' ಎನ್ನುತ್ತಾರೆ, ಏಟಿಗೆ 'ಜರ್ಬ್' ಎನ್ನುತ್ತಾರೆ. ಪರ್ಷಿಯನ್ ಲಿಪಿಯ ನಾಣ್ಯಗಳಲ್ಲಿ ಊರಿನ ಹೆಸರಿನ ಜೊತೆ 'ಜರ್ಬ್' ಎಂದಿದ್ದರೆ ಆ ಊರಿನ ಟಂಕಸಾಲೆಯಲ್ಲಿ ಏಟು ಬಿದ್ದ ನಾಣ್ಯ ಅದು ಎಂದು ತಿಳಿಯಬೇಕು.

ಅಚ್ಚಿನಲ್ಲಿ ಅಕ್ಷರವನ್ನು ಒಳಕ್ಕೆ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೆತ್ತಬೇಕು. ಆಗ ನಾಣ್ಯದಲ್ಲಿ ಅದು ಉಬ್ಬಾಗಿ, ನೇರವಾಗಿ ಮೂಡುತ್ತದೆ. ಬಿರುಕಿಗೂ ಇದೇ ನಿಯಮ. ಸಾವಿರಾರು ಏಟು ತಿಂದ ಅಚ್ಚಿನ ಕಬ್ಬಿಣ ದಣಿದು ಕೂದಲೆಳೆಯಷ್ಟು ಸೀಳುತ್ತದೆ. ಮುಂದಿನ ಏಟಿಗೆ ಬೆಳ್ಳಿ ಆ ಸೀಳಿನೊಳಕ್ಕೂ ನುಗ್ಗುತ್ತದೆ. ಹೀಗಾಗಿ ಅಚ್ಚಿನ ಬಿರುಕು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಕಾಣುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಅರ್ಧ ವಿದ್ಯೆ ಬಂದಂತೆ. ಗೆರೆ ತಗ್ಗಾಗಿದ್ದರೆ ಅದು ಆಮೇಲೆ ಬಿದ್ದ ಗೀರು, ಉಬ್ಬಾಗಿದ್ದರೆ ಹುಟ್ಟಿನಿಂದ ಬಂದದ್ದು.

ಬಿರುಕು ಬಿಟ್ಟ ಅಚ್ಚನ್ನು ಕೂಡಲೇ ಎಸೆಯುತ್ತಿರಲಿಲ್ಲ. ಅಚ್ಚು ಕೆತ್ತಲು ಸಮಯ ಬೇಕು, ನುರಿತ ಕೈ ಬೇಕು. ಆದ್ದರಿಂದ ಅದು ಪೂರ್ತಿ ಕೈಕೊಡುವವರೆಗೆ ದುಡಿಸುತ್ತಿದ್ದರು. ಒಂದೇ ಅಚ್ಚಿನಿಂದ ಬಂದ ನಾಲ್ಕು ನಾಣ್ಯಗಳು ನಮ್ಮ ಮುಂದಿವೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಗೆರೆಯಿಲ್ಲ. ಎರಡನೆಯದರಲ್ಲಿ ಅಂಚಿನಿಂದ ಒಂದು ಅಕ್ಷರದವರೆಗೆ ಸಣ್ಣ ಗೆರೆ. ಮೂರನೆಯದರಲ್ಲಿ ಅದು ನಾಣ್ಯವನ್ನು ಅಡ್ಡಲಾಗಿ ದಾಟಿದೆ. ನಾಲ್ಕನೆಯದರಲ್ಲಿ ಅಂಚಿನ ಒಂದು ಭಾಗವೇ ಅಕ್ಷರವಿಲ್ಲದ ಉಂಡೆಯಾಗಿದೆ, ಅಂದರೆ ಅಚ್ಚಿನ ಆ ಚೂರು ಕಳಚಿ ಬಿದ್ದಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ನಾಲ್ಕರ ಮೇಲೂ ಒಂದೇ ಇಸವಿ ಇರಬಹುದು. ಆದರೂ ಅವುಗಳ ಹಿರಿತನ, ಕಿರಿತನ ಗೊತ್ತಾಗುತ್ತದೆ.

ಇನ್ನೂ ಒಂದು ಸಂಗತಿ ಇದೆ. ಸುತ್ತಿಗೆಯ ಏಟು ನೇರವಾಗಿ ಬೀಳುವುದು ಮೇಲಿನ ಅಚ್ಚಿನ ಮೇಲೆ. ಅದು ಬೇಗ ಹಾಳಾಗುತ್ತದೆ, ಕೆಳಗಿನದು ಹೆಚ್ಚು ಕಾಲ ಬಾಳುತ್ತದೆ. ಹಾಗಾಗಿ ಒಂದು ಕೆಳ ಅಚ್ಚಿಗೆ ಎರಡು ಮೂರು ಮೇಲಚ್ಚುಗಳು ಜೊತೆಯಾಗುತ್ತವೆ. ಈ ಜೋಡಿಗಳನ್ನು ಕೊಂಡಿಯಂತೆ ಒಂದಕ್ಕೊಂದು ಸೇರಿಸುತ್ತ ಹೋದರೆ ಟಂಕಸಾಲೆಯ ಕೆಲಸದ ಅನುಕ್ರಮ ಸಿಗುತ್ತದೆ. ಎಷ್ಟು ಬೇರೆ ಬೇರೆ ಅಚ್ಚುಗಳು ಕಾಣುತ್ತವೆ ಎಂದು ಎಣಿಸಿದರೆ ಅಲ್ಲಿ ಸುಮಾರು ಎಷ್ಟು ನಾಣ್ಯ ತಯಾರಾಗಿರಬಹುದು ಎಂದೂ ಅಂದಾಜು ಮಾಡಬಹುದು. ಕಡತಗಳು ಸುಟ್ಟುಹೋದ, ಲೂಟಿಯಾದ ರಾಜ್ಯಗಳ ಚರಿತ್ರೆಗೆ ಇದು ದೊಡ್ಡ ಆಸರೆ.

ನಮ್ಮ ಸೀಮೆಯ ಟಂಕಸಾಲೆ

ಶಿಕಾರಿಪುರ ತಾಲೂಕಿನ ತಾಳಗುಂದ, ಬಳ್ಳಿಗಾವೆ, ಮಳವಳ್ಳಿಗಳ ಶಾಸನಗಳನ್ನೂ ಸೊರಬ ಸೀಮೆಯ ನೂರಾರು ಕಲ್ಲುಗಳನ್ನೂ ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಪ್ರಕಟಿಸಿದರು. ಆ ಶಾಸನಗಳಲ್ಲಿ ಗದ್ಯಾಣ, ಪಣಗಳ ಲೆಕ್ಕ ಬರುತ್ತದೆ. ನಮ್ಮದು ಬಹುಕಾಲ ಚಿನ್ನದ ನಾಣ್ಯದ ಸೀಮೆಯಾಗಿತ್ತು. ವರಹ ಮತ್ತು ಹಣ ಇಲ್ಲಿನ ವ್ಯವಹಾರದ ಮಾತುಗಳು.

ವಿಜಯನಗರದ ನಂತರ ಈ ಭಾಗವನ್ನು ಆಳಿದ ಕೆಳದಿಯ ನಾಯಕರು ತಮ್ಮದೇ ವರಹ ಹೊರಡಿಸಿದರು. ಒಂದು ಮುಖದಲ್ಲಿ ಶಿವ ಪಾರ್ವತಿಯರು, ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ 'ಶ್ರೀ ಸದಾಶಿವ'. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, 1640ರ ಸುಮಾರಿಗೆ ಇಕ್ಕೇರಿಯಿಂದ ಬಿದನೂರಿಗೆ ಹೋಯಿತು. ಆದರೆ ನಾಣ್ಯದ ಹೆಸರು ಹೋಗಲಿಲ್ಲ. ಬಿದನೂರಿನಲ್ಲಿ ತಯಾರಾದರೂ ಜನ ಅದನ್ನು ಇಕ್ಕೇರಿ ವರಹ ಎಂದೇ ಕರೆದರು.

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ಇಂದು ಹೊಸನಗರ ತಾಲೂಕಿನಲ್ಲಿರುವ ನಗರ ಅದೇ. ಗೆದ್ದವನು ನಾಣ್ಯದ ವಿಷಯದಲ್ಲಿ ಮಾಡಿದ್ದನ್ನು ಗಮನಿಸಬೇಕು. ಶಿವ ಪಾರ್ವತಿಯರ ಮುಖವನ್ನು ಹಾಗೆಯೇ ಉಳಿಸಿಕೊಂಡ. 'ಶ್ರೀ ಸದಾಶಿವ' ಎಂದಿದ್ದ ಕಡೆ ತನ್ನ ಹೆಸರಿನ ಮೊದಲ ಅಕ್ಷರವಾದ 'ಹೇ' ಹಾಕಿಸಿದ. ಎರಡು ಮುಖಗಳಲ್ಲಿ ಒಂದನ್ನು ಉಳಿಸಿ ಒಂದನ್ನು ಬದಲಿಸಿದ, ಅಷ್ಟೇ. ಇದನ್ನು ಔದಾರ್ಯ ಎನ್ನುವವರಿದ್ದಾರೆ, ಬರೀ ವ್ಯಾಪಾರದ ಜಾಣತನ ಎನ್ನುವವರೂ ಇದ್ದಾರೆ. ಅಡಿಕೆ, ಮೆಣಸು, ಅಕ್ಕಿಯ ವ್ಯಾಪಾರಿಗಳು ನಂಬಿದ ನಾಣ್ಯದ ಮುಖ ಕೆಡಿಸಿದರೆ ಪೇಟೆ ಕೆಡುತ್ತದೆ ಎಂಬುದು ಹೈದರನಿಗೆ ತಿಳಿದಿತ್ತು. ನಮಗೆ ಅನ್ನಿಸುವುದು, ಆ ಎರಡನ್ನೂ ಬೇರೆ ಮಾಡಿ ನೋಡುವ ಅಗತ್ಯವಿಲ್ಲ. ಪ್ರಜೆಗಳ ನಂಬಿಕೆಯನ್ನು ಕೆಡಿಸದಿರುವುದು ಆಳುವವನಿಗೆ ಲಾಭದ ಕೆಲಸವೂ ಹೌದು, ಒಳ್ಳೆಯ ಕೆಲಸವೂ ಹೌದು.

1799ರಲ್ಲಿ ಟಿಪ್ಪು ಹುತಾತ್ಮನಾದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವ ಪಾರ್ವತಿಯರು ಮತ್ತೆ ಬಂದರು. ಟಿಪ್ಪುವಿನ ತಾಮ್ರದ ನಾಣ್ಯದಲ್ಲಿದ್ದ ಆನೆಯೂ ಒಡೆಯರ ತಾಮ್ರದ ಕಾಸಿನಲ್ಲಿ ಮುಂದುವರಿಯಿತು. ಸಿಂಹಾಸನಗಳು ಉರುಳಿದಷ್ಟು ಸುಲಭವಾಗಿ ಟಂಕಸಾಲೆಯ ರೂಢಿಗಳು ಉರುಳುವುದಿಲ್ಲ.

ಟಿಪ್ಪುವಿನ ಬೆಳ್ಳಿ

ಮೈಸೂರು ರಾಜ್ಯದಲ್ಲಿ ದೊಡ್ಡ ಬೆಳ್ಳಿ ನಾಣ್ಯದ ವೈಭವ ಕಂಡದ್ದು ಟಿಪ್ಪುವಿನ ಕಾಲದಲ್ಲಿ. ಎರಡು ರೂಪಾಯಿಯ ನಾಣ್ಯಕ್ಕೆ ಹೈದರಿ ಎಂದು ಹೆಸರು. ಅದರ ತೂಕ ಸುಮಾರು 23 ಗ್ರಾಂ, ಹೊರದೇಶಗಳ ಬೆಳ್ಳಿ ಡಾಲರುಗಳ ಪಕ್ಕದಲ್ಲಿಟ್ಟು ನೋಡುವಂಥದ್ದು. ಒಂದು ರೂಪಾಯಿ ಇಮಾಮಿ, ಅರ್ಧ ಆಬಿದಿ, ಕಾಲು ಬಾಕಿರಿ, ಅದಕ್ಕೂ ಕೆಳಗೆ ಜಾಫರಿ, ಕಾಜಿಮಿ, ಖಿಜ್ರಿ. ಹೈದರಿ ಎಂಬುದು ಹಜರತ್ ಅಲಿಯವರ ಬಿರುದಿನಿಂದ ಬಂದ ಹೆಸರು, ತಂದೆಯ ಹೆಸರನ್ನೂ ನೆನಪಿಸುವಂಥದ್ದು. ಚಿನ್ನದ ಸಾದಿಕಿ ಹಜರತ್ ಅಬೂಬಕ್ಕರ್ ಅವರ, ಫಾರೂಕಿ ಹಜರತ್ ಉಮರ್ ಅವರ, ತಾಮ್ರದ ಉಸ್ಮಾನಿ ಹಜರತ್ ಉಸ್ಮಾನ್ ಅವರ ನೆನಪು. ನಾಲ್ವರು ಖಲೀಫರನ್ನೂ ಇಮಾಮರನ್ನೂ ಒಂದೇ ಹಣದ ಚೀಲದಲ್ಲಿ ಕೂಡಿಸಿದ ದೊರೆ ಅವನು. ತಾಮ್ರದ ಕಿರಿಯ ನಾಣ್ಯಗಳಿಗೆ ಆಕಾಶದ ಹೆಸರುಗಳನ್ನಿಟ್ಟ. ಜೊಹ್ರಾ ಎಂದರೆ ಶುಕ್ರ, ಬಹ್ರಾಮ್ ಎಂದರೆ ಮಂಗಳ, ಅಖ್ತರ್ ಎಂದರೆ ನಕ್ಷತ್ರ, ಕುತ್ಬ್ ಎಂದರೆ ಧ್ರುವ.

ಬೆಳ್ಳಿ ಹೆಚ್ಚಾಗಿ ಟಂಕಿತವಾದದ್ದು ಪಟ್ಟಣದಲ್ಲಿ, ಅಂದರೆ ಶ್ರೀರಂಗಪಟ್ಟಣದಲ್ಲಿ. ನಮ್ಮ ನಗರದ ಟಂಕಸಾಲೆಯ ಹೆಸರು ಫಾರೂಕಿ ವರಹಗಳ ಮೇಲೂ ಆನೆಯ ತಾಮ್ರದ ಕಾಸುಗಳ ಮೇಲೂ ಕಾಣುತ್ತದೆ. ಬೇರೆ ಊರುಗಳಿಗೆ ಹೊಸ ಹೆಸರು ಕೊಟ್ಟು, ಚಿತ್ರದುರ್ಗವನ್ನು ಫರ್ರುಖ್‌ಯಾಬ್ ಹಿಸಾರ್ ಎಂದೂ ಧಾರವಾಡವನ್ನು ಖುರ್ಷೀದ್ ಸವಾದ್ ಎಂದೂ ಕರೆದ ಸುಲ್ತಾನ, ನಾಣ್ಯದ ಮೇಲೆ ಇದನ್ನು ನಗರ ಎಂದಷ್ಟೇ ಬರೆಸಿದ.

ಹೈದರಿ ನಾಣ್ಯದ ಒಂದು ಬದಿಯಲ್ಲಿ ಪ್ರವಾದಿಯವರ (ಸ) ಧರ್ಮವನ್ನೂ ಹೈದರನ ವಿಜಯವನ್ನೂ ಕೊಂಡಾಡುವ ಪರ್ಷಿಯನ್ ಬರಹವಿದೆ. ಇನ್ನೊಂದು ಬದಿಯಲ್ಲಿ ಏಕೈಕನೂ ನ್ಯಾಯವಂತನೂ ಆದ ಸುಲ್ತಾನ ಅವನೇ ಎಂಬ ಅರಬಿ ಬರಹ. ಟಿಪ್ಪುವಿನ ಹೆಸರು ಎಲ್ಲಿಯೂ ಇಲ್ಲ. ದಿಲ್ಲಿಯ ಬಾದಶಹನ ಹೆಸರೂ ಇಲ್ಲ. ಅದೇ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ ಷಾ ಆಲಂನ ಹೆಸರಿನಲ್ಲಿ ರೂಪಾಯಿ ಟಂಕಿಸುತ್ತಿತ್ತು. ಬಾದಶಹನ ಹೆಸರು ಹೇಳುತ್ತ ಅವನ ರಾಜ್ಯವನ್ನು ನುಂಗುತ್ತಿದ್ದ ಕಂಪನಿ ಒಂದು ಕಡೆ, ಅವನ ಹೆಸರನ್ನೇ ಬಿಟ್ಟು ಕಂಪನಿಯ ವಿರುದ್ಧ ಕಾದಿದ ಸುಲ್ತಾನ ಇನ್ನೊಂದು ಕಡೆ. ದೊರೆಯ ಬರಹ ಎಷ್ಟು ನಿಜ, ಎಷ್ಟು ನಟನೆ ಎಂಬುದಕ್ಕೆ ಇದೊಂದು ಪಾಠ.

ಟಿಪ್ಪು ನಾಣ್ಯಗಳಲ್ಲಿ ಹೊಸಬರನ್ನು ತಬ್ಬಿಬ್ಬು ಮಾಡುವುದು ಇಸವಿ. ಮೊದಲ ವರ್ಷಗಳಲ್ಲಿ ಹಿಜರಿ ಶಕೆ ಇತ್ತು. 1787ರಿಂದ ಪ್ರವಾದಿಯವರ (ಸ) ಜನನದಿಂದ ಎಣಿಸುವ ಮೌಲೂದಿ ಶಕೆ ಬಂತು. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಉರ್ದು ಓದಿದವರಿಗೆ ಗೊತ್ತಿರುವಂತೆ ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿ ಎಡದಿಂದ ಬಲಕ್ಕೇ ಬರುತ್ತದೆ. ಹಾಗಾಗಿ ಟಿಪ್ಪುವಿನ 1215 ನಮ್ಮ ಕಣ್ಣಿಗೆ 5121 ಎಂದು ಕಾಣುತ್ತದೆ. ಇದನ್ನು ಕಂಡು ಅಚ್ಚು ಕೆತ್ತಿದವನು ತಪ್ಪಿದ, ಇದು ಅಪರೂಪದ ದೋಷದ ನಾಣ್ಯ ಎಂದು ಹೇಳಿ ಹೆಚ್ಚು ಬೆಲೆ ಕೇಳುವವರಿದ್ದಾರೆ. ಅದು ದೋಷವಲ್ಲ, ಅರಮನೆಯ ಆಜ್ಞೆ. ಬೇಕೆಂದೇ ಮಾಡಿದ ಬದಲಾವಣೆ ಒಂದು, ತಾನಾಗಿ ಆದ ಬಿರುಕು ಇನ್ನೊಂದು. ಈ ಎರಡನ್ನೂ ಬೇರೆ ಮಾಡುವುದೇ ನಾಣ್ಯ ನೋಡುವವನ ಮೊದಲ ಕೆಲಸ.

ಆ ಪಂಚಾಂಗದಲ್ಲಿ ಇನ್ನೊಂದು ಸ್ವಾರಸ್ಯ ಇದೆ. ವರ್ಷಗಳಿಗೆ ಅರಬಿ ಅಕ್ಷರಗಳ ಸಂಖ್ಯಾಬೆಲೆಯಿಂದ ಹೊಸ ಹೆಸರುಗಳನ್ನು ಕಟ್ಟಿದರೂ ಅದರ ಚೌಕಟ್ಟು ನಮ್ಮ ಪ್ರಭವ, ವಿಭವದ ಅರವತ್ತು ಸಂವತ್ಸರಗಳ ಚಕ್ರವೇ. ಹೆಸರು ಅರಬಿ, ಎಣಿಕೆ ಈ ಮಣ್ಣಿನದು. 2015ರಿಂದ 2018ರವರೆಗೆ ಸರ್ಕಾರ ಟಿಪ್ಪು ಜಯಂತಿ ಆಚರಿಸಿದಾಗಲೂ 2019ರಲ್ಲಿ ಅದನ್ನು ನಿಲ್ಲಿಸಿದಾಗಲೂ ಎರಡೂ ಕಡೆಯವರು ಅವನ ನಾಣ್ಯಗಳ ಹೆಸರೆತ್ತಿ ವಾದ ಮಾಡಿದ್ದುಂಟು. ಅವರಲ್ಲಿ ಎಷ್ಟು ಮಂದಿ ಒಂದು ನಾಣ್ಯವನ್ನು ಕೈಯಲ್ಲಿ ಹಿಡಿದು ಎರಡೂ ಮುಖ ನೋಡಿದ್ದಾರೆ? ಮದ್ರಾಸಿನಲ್ಲಿ 1921ರಲ್ಲಿ ಪ್ರಕಟವಾದ ಹೆಂಡರ್ಸನ್ನರ ಪುಸ್ತಕ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳನ್ನು ಒಂದೊಂದಾಗಿ ವರ್ಣಿಸಿದೆ. ನಾಣ್ಯವೊಂದನ್ನು ಹೊಗಳುವ, ತೆಗಳುವ ಮೊದಲು ಅದನ್ನು ಸರಿಯಾಗಿ ವರ್ಣಿಸಬೇಕು ಎಂಬ ಶಿಸ್ತು ಅದರಲ್ಲಿದೆ.

ಇಸವಿ ಹೇಳದ ಸತ್ಯ

ಕಂಪನಿ 1835ರಲ್ಲಿ ದೇಶಕ್ಕೆಲ್ಲ ಒಂದೇ ರೂಪಾಯಿ ತಂದಿತು. ನಾಲ್ಕನೇ ವಿಲಿಯಮನ ತಲೆ, ಆಮೇಲೆ 1840ರಲ್ಲಿ ವಿಕ್ಟೋರಿಯಾಳ ತಲೆ. ಮುಂಬಯಿ, ಕಲ್ಕತ್ತೆಗಳ ಯಂತ್ರಗಳಿಂದ ನಾಣ್ಯಗಳು ಬರತೊಡಗಿದ ಮೇಲೆ ಊರೂರಿನ ಟಂಕಸಾಲೆಗಳು ನಿಂತವು. ಮೈಸೂರಿನದು 1833ರಲ್ಲಿ ಬೆಂಗಳೂರಿಗೆ ಹೋಗಿ 1843ರಲ್ಲಿ ಮುಚ್ಚಿತು. ಹೊಸ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಹನ್ನೆರಡು ಭಾಗದಲ್ಲಿ ಹನ್ನೊಂದು ಭಾಗ ಬೆಳ್ಳಿ. ಜಕಾತ್‌ನ ನಿಸಾಬ್ ಐವತ್ತೆರಡೂವರೆ ತೊಲ ಬೆಳ್ಳಿ ಎಂದು ನಮ್ಮ ಉಲಮಾಗಳು ಹೇಳುವಾಗ ಹಿಂದಿನವರು ಮನಸ್ಸಿನಲ್ಲೇ ರೂಪಾಯಿ ಎಣಿಸುತ್ತಿದ್ದರು. ಅಕ್ಕಸಾಲಿಗರ ತಕ್ಕಡಿಯಲ್ಲಿ ರೂಪಾಯಿಯೇ ತೂಕದ ಬಟ್ಟಾಗಿತ್ತು.

ಈ ರಾಣಿ ರೂಪಾಯಿಗಳ ಇಸವಿಯನ್ನು ಇದ್ದಂತೆ ನಂಬಿದರೆ ಮೋಸ ಹೋಗುತ್ತೇವೆ. 1840 ಎಂದಿರುವ ರೂಪಾಯಿಗಳು ಎರಡು ದಶಕ ತಯಾರಾದವು. 1862 ಎಂದಿರುವವು 1874ರವರೆಗೂ ಬಂದವು. ಇಸವಿ ನಿಂತಿತು, ಸುತ್ತಿಗೆಯ ಜಾಗಕ್ಕೆ ಬಂದ ಯಂತ್ರ ನಿಲ್ಲಲಿಲ್ಲ. ಹಾಗಾದರೆ ನಿಜವಾದ ವರ್ಷ ತಿಳಿಯುವುದು ಹೇಗೆ? ಅಚ್ಚಿನ ಸಣ್ಣ ಭೇದಗಳಿಂದ. 1840ರ ಕೆಲವು ರೂಪಾಯಿಗಳಲ್ಲಿ ರಾಣಿಯ ಹೆಸರು ತಲೆಯ ಮೇಲೆ ಒಂದೇ ಸಮನೆ ಸಾಗುತ್ತದೆ, ಕೆಲವದರಲ್ಲಿ ತಲೆಯ ಎಡಬಲಕ್ಕೆ ಒಡೆದುಕೊಂಡಿದೆ. ಹಿಂಬದಿಯ ಎಲೆಹಾರದಲ್ಲಿರುವ ಪುಟ್ಟ ಹಣ್ಣುಗಳ ಸಂಖ್ಯೆ ಎಲ್ಲದರಲ್ಲೂ ಒಂದೇ ಅಲ್ಲ. 1862ರ ರೂಪಾಯಿಗಳಲ್ಲಿ ಇಸವಿಯ ಬಳಿ ಚುಕ್ಕೆಗಳಿವೆ, ಅವುಗಳ ಸಂಖ್ಯೆ ಬದಲಾಗುತ್ತದೆ. ಟಂಕಸಾಲೆಯವರು ವರ್ಷಗಳನ್ನು ಗುರುತಿಸಿಕೊಳ್ಳಲು ಹಾಕಿದ ಗುಪ್ತ ಗುರುತುಗಳು ಅವು ಎಂದು ನಾಣ್ಯಶಾಸ್ತ್ರಜ್ಞರು ತಿಳಿಯುತ್ತಾರೆ.

ಇಸವಿ ನಿಂತ ನಾಣ್ಯಗಳಲ್ಲಿ ಜಗತ್ಪ್ರಸಿದ್ಧವಾದದ್ದು ಆಸ್ಟ್ರಿಯಾದ ರಾಣಿ ಮರಿಯಾ ಥೆರೇಸಾಳ ಥಾಲರ್. ಡಾಲರ್ ಎಂಬ ಮಾತು ಹುಟ್ಟಿದ್ದು ಈ ಥಾಲರ್ ಎಂಬ ಮಾತಿನಿಂದಲೇ. ರಾಣಿ ಸತ್ತದ್ದು 1780ರಲ್ಲಿ. ಆಮೇಲೆ ಎಲ್ಲೆಲ್ಲಿ ಟಂಕಿಸಿದರೂ ಇಸವಿ ಮಾತ್ರ 1780. ಅರಬ್ ನಾಡು, ಯಮನ್, ಇಥಿಯೋಪಿಯಾಗಳ ಜನ ಆ ಇಸವಿ ಇಲ್ಲದ ನಾಣ್ಯವನ್ನು ನಂಬುತ್ತಿರಲಿಲ್ಲ. 1940ರ ದಶಕದ ಆರಂಭದಲ್ಲಿ ನಮ್ಮ ಮುಂಬಯಿ ಟಂಕಸಾಲೆಯೂ ಅದನ್ನು ತಯಾರಿಸಿತು. ಹದ್ದಿನ ಬಾಲದ ಗರಿ, ರಾಣಿಯ ಎದೆಪದಕದ ಮುತ್ತುಗಳನ್ನು ಎಣಿಸಿ ಯಾವುದು ಎಲ್ಲಿಯದು ಎಂದು ತಜ್ಞರು ಬೇರ್ಪಡಿಸುತ್ತಾರೆ. ಅಮೆರಿಕದವರಂತೂ 1878ರಿಂದ 1904ರವರೆಗೂ ಮತ್ತೆ 1921ರಲ್ಲೂ ಬಂದ ತಮ್ಮ ಮಾರ್ಗನ್ ಡಾಲರುಗಳ ಅಚ್ಚುಗಳಿಗೆಲ್ಲ ಸಂಖ್ಯೆ ಕೊಟ್ಟಿದ್ದಾರೆ. ವಾನ್ ಅಲೆನ್ ಮತ್ತು ಮ್ಯಾಲಿಸ್ ಎಂಬಿಬ್ಬರು ಮಾಡಿದ ಆ ಪಟ್ಟಿಯಲ್ಲಿ ಒಂದೊಂದು ಬಿರುಕಿಗೂ ಜಾಗವಿದೆ. ಟಂಕಸಾಲೆಯ ಕಡತಗಳೆಲ್ಲ ಇರುವ ದೇಶದವರೇ ಇಷ್ಟು ಶ್ರಮ ಪಡುವಾಗ, ಕಡತಗಳಿಲ್ಲದ ನಾವು ಎಷ್ಟು ಪಡಬೇಕು!

ಒಂದು ಸೊಂಡಿಲಿನ ಗದ್ದಲ

ಅಚ್ಚಿನ ಸಣ್ಣ ಗೆರೆ ಎಷ್ಟು ದೊಡ್ಡ ಗದ್ದಲ ಎಬ್ಬಿಸಬಹುದು ಎಂಬುದಕ್ಕೆ 1911ರ ರೂಪಾಯಿ ಉದಾಹರಣೆ. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಪದಕದ ಸರದಲ್ಲಿ ಒಂದು ಪುಟ್ಟ ಆನೆ ಇತ್ತು. ಸೊಂಡಿಲು ಮೊಂಡಾಗಿ, ಕಾಲು ಗಿಡ್ಡವಾಗಿ ಕೆತ್ತಿದ್ದರಿಂದ ಅದು ಹಂದಿಯಂತೆ ಕಂಡಿತು. ದೊರೆ ಎದೆಯ ಮೇಲೆ ಹಂದಿ ಹಾಕಿಕೊಂಡಿದ್ದಾನೆ ಎಂಬ ಸುದ್ದಿ ಹಬ್ಬಿ ಮುಸ್ಲಿಮರಿಗೆ ನೋವಾಯಿತು. ತಯಾರಾಗಿದ್ದ ಸುಮಾರು 94 ಲಕ್ಷ ರೂಪಾಯಿಗಳಲ್ಲಿ 7 ಲಕ್ಷದಷ್ಟು ಮಾತ್ರ ಹೊರಬಂದಿದ್ದವು. ಉಳಿದದ್ದನ್ನು ಸರ್ಕಾರ ಕರಗಿಸಿತು. 1912ರ ಅಚ್ಚಿನಲ್ಲಿ ಸೊಂಡಿಲನ್ನು ತಿದ್ದಿ ಉದ್ದ ಮಾಡಿದರು. ಸಂಗ್ರಹಕಾರರು ಇಂದಿಗೂ ಅದನ್ನು ಹಂದಿ ರೂಪಾಯಿ ಎನ್ನುತ್ತಾರೆ.

ಭೂತಗನ್ನಡಿಯಲ್ಲಿ ನೋಡಿದರೆ ಅದು ಆನೆಯೇ. ಕಣ್ಣು ಕಂಡದ್ದನ್ನು ಮನಸ್ಸು ಹಂದಿ ಮಾಡಿತು. 1857ರ ತೋಟಾದ ನೆನಪು ಇನ್ನೂ ಆರದಿದ್ದ ದೇಶದಲ್ಲಿ ಆಳುವವರು ಈ ಭಯವನ್ನು ಲಘುವಾಗಿ ತೆಗೆದುಕೊಳ್ಳದೆ ಅಚ್ಚನ್ನೇ ತಿದ್ದಿದ್ದು ವಿವೇಕದ ಕೆಲಸ. ನಮ್ಮ ಪಾಲಿಗೂ ಒಂದು ಪಾಠ ಉಂಟು. ಸುದ್ದಿ ಕೇಳಿ ಕೆರಳುವ ಮುನ್ನ ನಾಣ್ಯವನ್ನು ಬೆಳಕಿಗೆ ಹಿಡಿದು ನೋಡುವುದು ಮೇಲು.

ನೋಡುವ ಕ್ರಮ

ನಾಣ್ಯ ನೋಡಲು ದೊಡ್ಡ ಸಲಕರಣೆ ಬೇಕಿಲ್ಲ. ಗಡಿಯಾರ ರಿಪೇರಿಯವರು, ಅಕ್ಕಸಾಲಿಗರು ಬಳಸುವ ಹತ್ತು ಪಟ್ಟು ಹಿಗ್ಗಿಸುವ ಮಸೂರ ಸಾಕು. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಇಟ್ಟು ನಿಧಾನವಾಗಿ ತಿರುಗಿಸಬೇಕು. ಉಬ್ಬು ಗೆರೆ ಒಂದು ಬದಿಗೆ ಹೊಳೆದು ಇನ್ನೊಂದು ಬದಿಗೆ ನೆರಳು ಹಾಕುತ್ತದೆ, ಗೀರಿನಲ್ಲಿ ಇದು ತಿರುವುಮುರುವಾಗುತ್ತದೆ. ಅಚ್ಚಿನ ಬಿರುಕು ಸಾಮಾನ್ಯವಾಗಿ ಅಂಚಿನಿಂದಲೋ ಅಕ್ಷರದ ಮೂಲೆಯಿಂದಲೋ ಹೊರಟು, ಅಕ್ಷರಗಳ ನಡುವೆ ನದಿಯಂತೆ ಬಳುಕಿ ಸಾಗುತ್ತದೆ.

ಬಿಲ್ಲೆಯೇ ಸೀಳಿದ್ದರೆ ಅದು ಬೇರೆ ಸಂಗತಿ. ಏಟಿಗೆ ಬೆಳ್ಳಿಯ ಅಂಚು ಬಾಯಿಬಿಟ್ಟರೆ ಅಲ್ಲಿ ತಗ್ಗು ಕಾಣುತ್ತದೆ. ಅಕ್ಷರಗಳು ನೆರಳಿನಂತೆ ಜೋಡಿಯಾಗಿದ್ದರೆ ಏಟು ಎರಡು ಸಲ ಬಿದ್ದಿರಬಹುದು. ಬಯಲಿನಲ್ಲಿ ಹಿಂಬದಿಯ ಅಕ್ಷರಗಳು ತಿರುವಾಗಿ ಮಸುಕಾಗಿ ಕಂಡರೆ, ಬಿಲ್ಲೆ ಇಡದೆಯೇ ಅಚ್ಚುಗಳು ಒಂದಕ್ಕೊಂದು ಬಡಿದು ಗುರುತು ಬಿಟ್ಟಿವೆ ಎಂದು ತಿಳಿಯಬೇಕು. ತೂಕವನ್ನು ಗ್ರಾಮಿನಲ್ಲಿ ಬರೆದುಕೊಳ್ಳಬೇಕು. ಎರಡೂ ಮುಖದ ಚಿತ್ರ ತೆಗೆಯಬೇಕು. ಎಲ್ಲಿ ಸಿಕ್ಕಿತು, ಯಾವ ಮನೆಯದು, ಜೊತೆಗೆ ಏನೇನಿತ್ತು ಎಂಬುದನ್ನೂ ಬರೆದಿಡಬೇಕು. ಹುಣಸೆಹಣ್ಣು, ಬೂದಿ, ಪೌಡರು ಹಾಕಿ ಉಜ್ಜಲೇಬಾರದು. ಹಬ್ಬದ ಹಿಂದಿನ ದಿನದ ಆ ಒಂದು ಉಜ್ಜಾಟದಲ್ಲಿ ಕೂದಲೆಳೆಯ ಗೆರೆಗಳೆಲ್ಲ ಅಳಿಸಿಹೋಗುತ್ತವೆ.

ನಕಲಿಗಳ ಮಾತೂ ಹೇಳಬೇಕು. ಟಿಪ್ಪುವಿನ ಹೈದರಿಗೆ ಒಳ್ಳೆಯ ಬೆಲೆ ಇರುವುದರಿಂದ ಪಡಿಯಚ್ಚಿನಲ್ಲಿ ಎರಕ ಹೊಯ್ದ ನಕಲಿಗಳಿವೆ. ಎರಕದ ನಾಣ್ಯದ ಮೈಯಲ್ಲಿ ಸಣ್ಣ ಗುಳಿಗಳು, ಅಂಚಿನಲ್ಲಿ ಅರ ಹಾಕಿದ ಗುರುತು ಇರುತ್ತವೆ. ಅಸಲಿಯ ಬಿರುಕು ಎರಕದಲ್ಲೂ ಮೂಡುವುದರಿಂದ ಬಿರುಕು ಇದ್ದ ಮಾತ್ರಕ್ಕೆ ಅಸಲಿ ಎನ್ನಲಾಗದು. ಆದರೆ ಕೈಯಿಂದ ಬಡಿದ ಎರಡು ನಾಣ್ಯಗಳಲ್ಲಿ ಏಟಿನ ಓರೆ, ಬಿಲ್ಲೆಯ ಆಕಾರ, ಆಮೇಲೆ ಬಿದ್ದ ಗೀರು ಎಲ್ಲವೂ ಒಂದೇ ಆಗಿರಲು ಸಾಧ್ಯವಿಲ್ಲ. ಹಾಗಿದ್ದರೆ ಕೊನೆಯ ಪಕ್ಷ ಒಂದಂತೂ ಎರಕದ್ದು.

ಇನ್ನೊಂದು ಬಗೆಯ ನಕಲಿ ಭಕ್ತಿಯನ್ನೇ ಬಂಡವಾಳ ಮಾಡಿಕೊಂಡಿದೆ. ಒಂದು ಕಡೆ ರಾಮ ಸೀತೆಯರ ಚಿತ್ರ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818 ಎಂದಿರುವ ಬಿಲ್ಲೆಗಳನ್ನು ಸಂತೆ, ಜಾತ್ರೆಗಳಲ್ಲಿ ಮಾರುತ್ತಾರೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. 786 ಅಂಕಿಯ ನೋಟಿಗೆ ಹೆಚ್ಚು ಹಣ ಕೊಡುವ ನಮ್ಮವರು ಇದನ್ನು ಕೇಳಿ ನಗುವಂತಿಲ್ಲ. ನಂಬಿಕೆ ದೊಡ್ಡದು, ಆದರೆ ಅದನ್ನು ಪೇಟೆಗೆ ತಂದಾಗ ಒರೆಗಲ್ಲಿಗೆ ತಿಕ್ಕಲೇಬೇಕು. ಹಿಂದಿನ ಚಿನಿವಾರರು ಇದನ್ನು ಬಲ್ಲವರಾಗಿದ್ದರು. ದೇವರ ಚಿತ್ರವಿದ್ದ ವರಹವನ್ನೂ ಅವರು ಒರೆಗೆ ಹಚ್ಚದೆ ಒಪ್ಪುತ್ತಿರಲಿಲ್ಲ.

ಕರಗುವ ಮೊದಲು

ನಮಗೆ ನಿಜವಾಗಿ ಆತಂಕ ಹುಟ್ಟಿಸುವುದು ನಕಲಿಗಳಲ್ಲ, ಮೂಸೆ. 1940ರಿಂದ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು, 1947ರಲ್ಲಿ ನಿಕ್ಕಲ್ ರೂಪಾಯಿ ತಂದಿತು. ಆಗ ಹಳೆಯದನ್ನು ಬಚ್ಚಿಟ್ಟುಕೊಂಡವರ ಮೊಮ್ಮಕ್ಕಳು ಈಗ ಅದನ್ನು ಮಾರುತ್ತಿದ್ದಾರೆ. 2025ರಲ್ಲಿ ಬೆಳ್ಳಿಯ ಬೆಲೆ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿತು. ಮದುವೆ, ಆಸ್ಪತ್ರೆ, ಮಕ್ಕಳ ಫೀಸು ಎಂದು ಕಷ್ಟ ಬಂದಾಗ ಮನೆಯ ಬೆಳ್ಳಿ ಮಾರುವುದನ್ನು ತಪ್ಪೆನ್ನಲು ನಮಗೆ ಅಧಿಕಾರವಿಲ್ಲ. ಕಷ್ಟಕ್ಕೆ ಆಗಲೆಂದೇ ಅಜ್ಜಿಯರು ಅದನ್ನು ಇಟ್ಟದ್ದು. ಆದರೆ ತೂಕಕ್ಕೆ ಹಾಕುವ ಮೊದಲು ಒಂದು ಗಂಟೆ ಅದನ್ನು ನೋಡಿ, ಬರೆದಿಟ್ಟು, ಚಿತ್ರ ತೆಗೆದರೆ ಕಳೆದುಕೊಳ್ಳುವುದೇನೂ ಇಲ್ಲ. ಅಪರೂಪದ ಅಚ್ಚಿನದಾದರೆ ಬೆಳ್ಳಿಯ ಬೆಲೆಗಿಂತ ಹೆಚ್ಚೇ ಸಿಗಬಹುದು.

ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ನಾಣ್ಯದ ಗಡಿಗೆಯ ವಿಷಯ ಬೇರೆ. 1878ರ ನಿಧಿ ಕಾಯಿದೆಯ ಪ್ರಕಾರ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಕಾಯಿದೆಯ ಭಯಕ್ಕಿಂತ ಮುಖ್ಯವಾದ ಮಾತೆಂದರೆ, ಒಂದೇ ಗಡಿಗೆಯ ನಾಣ್ಯಗಳು ಒಟ್ಟಿಗೆ ಇದ್ದರೆ ಮಾತ್ರ ಮಾತಾಡುತ್ತವೆ. ಹಂಚಿಹೋದರೆ ಮೂಕವಾಗುತ್ತವೆ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತು ಸಂಗ್ರಹಾಲಯವಿದೆ, ಕೆಳದಿಯ ಮ್ಯೂಸಿಯಂ ಇದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಕಲ್ಲು, ತಾಮ್ರಪಟ, ನಾಣ್ಯಗಳನ್ನು ಓದುವ ರುಚಿ ಹತ್ತಿಸಬೇಕು. ಕರ್ನಾಟಕದ ನಾಣ್ಯಗಳ ಬಗ್ಗೆ 1975ರಲ್ಲಿ ಗ್ರಂಥ ಬರೆದ ಎ. ವಿ. ನರಸಿಂಹಮೂರ್ತಿಯವರಂಥ ವಿದ್ವಾಂಸರು ಹಾಕಿದ ದಾರಿಯಲ್ಲಿ ನಡೆಯಲು ಪರ್ಷಿಯನ್ ಓದಬಲ್ಲ ಕನ್ನಡದ ಹುಡುಗ ಹುಡುಗಿಯರು ಬೇಕಾಗಿದ್ದಾರೆ. ಉರ್ದು ಶಾಲೆಯಲ್ಲಿ ಕಲಿತ ಮಕ್ಕಳಿಗೆ ಆ ಲಿಪಿ ಆಗಲೇ ಬರುತ್ತದೆ. ಅದು ಈ ನಾಡಿನ ಚರಿತ್ರೆಗೆ ಕೀಲಿಕೈ ಎಂದು ಅವರಿಗೆ ಯಾರಾದರೂ ಹೇಳಬೇಕಷ್ಟೇ.

ನಗರದ ಟಂಕಸಾಲೆಯಲ್ಲಿ ಅಚ್ಚು ಕೆತ್ತಿದವನ ಹೆಸರು ನಾಣ್ಯದ ಮೇಲಿಲ್ಲ. ಸೊರಬ, ಸಾಗರಗಳ ಗುಡಿಗಾರರು ಗಂಧದ ಪೆಟ್ಟಿಗೆಯ ಮೇಲೆ ಹೆಸರು ಬರೆಯದೆ ತಮ್ಮ ಕೈಗುರುತು ಬಿಡುವಂತೆ ಅವನೂ ಒಂದು ಅಕ್ಷರದ ಬಾಗಿನಲ್ಲಿ, ಆನೆಯ ಬಾಲದ ತಿರುವಿನಲ್ಲಿ ತನ್ನ ಗುರುತು ಬಿಟ್ಟ. ಅವನ ಜಾತಿ, ಧರ್ಮವನ್ನು ಆ ಗೆರೆ ಹೇಳುವುದಿಲ್ಲ. ಎಷ್ಟು ದುಡಿದ, ಅವನ ಅಚ್ಚು ಎಷ್ಟು ಏಟು ತಡೆಯಿತು, ಎಲ್ಲಿ ಸೀಳಿತು, ಸೀಳಿದ ಮೇಲೂ ಎಷ್ಟು ದಿನ ಕೆಲಸ ಸಾಗಿತು ಎಂಬುದನ್ನು ಹೇಳುತ್ತದೆ. ದೊರೆಗಳ ಚರಿತ್ರೆಗೆ ಪುಸ್ತಕಗಳು ಬೇಕಾದಷ್ಟಿವೆ. ದುಡಿದವರ ಚರಿತ್ರೆ ಉಳಿದಿರುವುದು ಇಂಥ ಬಿರುಕುಗಳಲ್ಲೇ. ಮನೆಯಲ್ಲಿ ಹಳೆಯ ಬೆಳ್ಳಿ ರೂಪಾಯಿ ಇರುವ ಓದುಗರು ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡಲಿ.